ಕಾರ್ಡು ಹೊಸದು, ಜರ್ಕು ಯಾರದು?

ದುಡ್ಡು ಸುರಿದು ಗ್ರಾಫಿಕ್ಸ್ ಕಾರ್ಡು ಬದಲಾಯಿಸಿದ ಮೇಲೆ ಆಟ ಮೊದಲಿಗಿಂತ ಕೆಟ್ಟದಾಗಿ ಓಡುತ್ತಿದೆ ಎಂಬ ದೂರಿಗೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಅಂಗಡಿಯವರನ್ನು ಕೇಳಿದರೆ ಇನ್ನೂ ಒಂದು ಪಾರ್ಟ್ ಹಾಕಿಸಿ ಅನ್ನುತ್ತಾರೆ. ಆಡುವವರನ್ನು ಕೇಳಿದರೆ ಆಟ ಮಾಡಿದ ಕಂಪನಿಯನ್ನು ಬೈಯುತ್ತಾರೆ. ಎರಡರಲ್ಲೂ ಅಷ್ಟಿಷ್ಟು ನಿಜ ಇರುವುದರಿಂದಲೇ ಜಗಳ ಹರಿಯುವುದಿಲ್ಲ. ಹಾಗಾಗಿ ಇದನ್ನು ಇಬ್ಬರ ಬಾಯಿಗೆ ಬಿಡುವುದು ವಾಸಿ. ಜಾಗ, ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನ ಅಂಚಿನ ಒಂದು ಊರು ಎಂದಿಟ್ಟುಕೊಳ್ಳಿ. ಕಾಲ, ಮೇ ತಿಂಗಳ ಮಧ್ಯಾಹ್ನ. ಒಬ್ಬರು ಎಣ್ಣೆ ಮಿಲ್ಲಿನ ಯಂತ್ರಗಳಿಂದ ಶುರುಮಾಡಿ ಈಗ ಕಂಪ್ಯೂಟರ್ ರಿಪೇರಿಗೆ ಬಂದು ನಿಂತಿರುವ ಸೋದರಮಾವ. ಇನ್ನೊಬ್ಬ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವ ಅಳಿಯ. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ ಗೋಡೆಗೆ ಒರಗಿಸಿದ್ದಾರೆ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಂದ ಕಾರ್ಡು ಒಳಗೆ ಮಿನುಗುತ್ತಿದೆ.

ಅಳಿಯ: ಲೆಕ್ಕ ಬಹಳ ಸುಲಭ ಮಾವ. ಹಳೇ ಕಾರ್ಡಿಗಿಂತ ಇದು ಎರಡೂವರೆ ಪಟ್ಟು ಜೋರು ಅಂತ ಎಲ್ಲ ರಿವ್ಯೂನಲ್ಲೂ ಇದೆ. ಹಳೇದರಲ್ಲಿ ಸೆಕೆಂಡಿಗೆ 50 ಫ್ರೇಮ್ ಬರ್ತಿತ್ತು, ಅಂದ್ಮೇಲೆ ಇದರಲ್ಲಿ 125 ಬರಬೇಕು. ಬರ್ತಿರೋದು 70. ಅದೂ ಹೋಗಲಿ, ಹಳೇದು 50 ಆದ್ರೂ ನುಣುಪಾಗಿ ಹೋಗ್ತಿತ್ತು. ಇದು ಕ್ಯಾಮೆರಾ ತಿರುಗಿಸಿದಾಗೆಲ್ಲ ಜರ್ಕ್ ಹೊಡೆಯುತ್ತೆ. ಒಂದೋ ಕಾರ್ಡು ಡಿಫೆಕ್ಟ್ ಪೀಸು, ಇಲ್ಲ ಆಟ ಮಾಡಿದೋರು ನೆಟ್ಟಗೆ ಮಾಡಿಲ್ಲ. ಮೂರನೇದು ಏನಿದ್ದೀತು?

ಮಾವ: ಮೂರನೇದೇ ಜಾಸ್ತಿ ಸಲ ಇರೋದು ಅಳಿಯಾ. ಒಂದು ಫ್ರೇಮು ಒಂದೇ ಕಡೆ ತಯಾರಾಗಲ್ಲ. ಎದುರಾಳಿ ಎಲ್ಲಿ ನಿಂತವ್ನೆ, ಗುಂಡು ಯಾರಿಗೆ ಬಿತ್ತು, ಗೋಡೆ ಹಿಂದೆ ಇರೋದು ಯಾವುದು ಕಾಣಬಾರದು, ಇದನ್ನೆಲ್ಲ ಲೆಕ್ಕ ಹಾಕಿ ಏನೇನು ಬರೀಬೇಕು ಅಂತ ಪಟ್ಟಿ ಕೊಡೋದು ಪ್ರೊಸೆಸರ್. ಆ ಪಟ್ಟಿ ಹಿಡಿದು ಬಣ್ಣ, ಬೆಳಕು, ನೆರಳು ತುಂಬೋದು ಕಾರ್ಡು. ಕಾರ್ಡು ಈ ಫ್ರೇಮ್ ಬರೀತಿರೋವಾಗ ಪ್ರೊಸೆಸರ್ ಮುಂದಿನದರ ಪಟ್ಟಿ ಮಾಡ್ತಿರ್ತೈತೆ. ಹಂಗಾಗಿ ಎರಡರಲ್ಲಿ ಯಾವುದು ನಿಧಾನವೋ ಅದರ ವೇಗವೇ ಆಟದ ವೇಗ. ನಿನ್ನ ಲೆಕ್ಕವನ್ನೇ ತಗೋ. ಹಳೇ ಕಾರ್ಡು ಫ್ರೇಮಿಗೆ 20 ಮಿಲಿಸೆಕೆಂಡು ತಗೊಳ್ತಿತ್ತು, ಅದಕ್ಕೇ 50. ಪ್ರೊಸೆಸರಿಗೆ 14 ಬೇಕಿತ್ತು ಅಂತಿಟ್ಕೋ. ಅದು ತನ್ನ ಕೆಲಸ ಮುಗಿಸಿ ಕಾರ್ಡಿಗೆ ಕಾಯ್ತಾ ಕೂತಿರ್ತಿತ್ತು, ನಿನಗೆ ಗೊತ್ತೇ ಆಗ್ತಿರಲಿಲ್ಲ. ಈಗ ಹೊಸ ಕಾರ್ಡು 20ರ ಕೆಲಸ 8ರಲ್ಲಿ ಮುಗಿಸ್ತೈತೆ. ಪ್ರೊಸೆಸರಿಗೆ ಮಾತ್ರ ಈಗ್ಲೂ 14 ಬೇಕು. ಸಾವಿರವನ್ನ 14ರಿಂದ ಭಾಗಿಸು, 71 ಬರ್ತೈತೆ. ನಿನ್ನ 70 ಅದೇ. ಚಳ್ಳಕೆರೆ ಮಿಲ್ಲಲ್ಲಿ ಶೇಂಗಾ ಸುಲಿಯೋ ಮೆಷಿನ್ನು ಹಳೇದೇ ಇಟ್ಕೊಂಡು ಎಕ್ಸ್‌ಪೆಲ್ಲರ್ ಮಾತ್ರ ದೊಡ್ಡದು ತಂದು ಕೂರಿಸಿದ್ರೆ ಎಣ್ಣೆ ಎಷ್ಟು ಜಾಸ್ತಿ ಆದೀತು? ಸುಲಿದ ಬೀಜ ಎಷ್ಟು ಬಂತೋ ಅಷ್ಟೇ. ಪರದೆ ಮೂಲೆಯಲ್ಲಿ ಆಫ್ಟರ್‌ಬರ್ನರ್ ಅನ್ನೋ ಅಳತೆ ಪ್ರೋಗ್ರಾಮು ಹಾಕ್ಕೊಂಡು ನೋಡು. ಕಾರ್ಡಿಗೆ ಪೂರ್ತಿ ಕೆಲಸ ಸಿಕ್ಕಿದ್ರೆ ಬಳಕೆ 97, 98 ತೋರಿಸ್ತೈತೆ. ನಿನ್ನದು 60ರ ಆಸುಪಾಸಲ್ಲಿ ಇರಬೇಕು.

ಅಳಿಯ: 57 ತೋರಿಸ್ತಿದೆ, ಒಪ್ಪಿದೆ. ಆದ್ರೆ ನೀವು ಹೇಳಿದ್ದು 70 ಯಾಕೆ ಅನ್ನೋದಕ್ಕೆ ಉತ್ತರ, ಜರ್ಕ್ ಯಾಕೆ ಅನ್ನೋದಕ್ಕಲ್ಲ. ಎಷ್ಟಂದ್ರೂ 70 ಅನ್ನೋದು 50ಕ್ಕಿಂತ ದೊಡ್ಡದು. ಆಟ ಇನ್ನೂ ನುಣುಪಾಗಬೇಕಿತ್ತು, ಕಾಣ್ತಿರೋದು ಉಲ್ಟಾ. ನಿಮ್ಮ ಲೆಕ್ಕ ಸರಿ ಅಂದ್ರೆ ನನ್ನ ಕಣ್ಣು ಸುಳ್ಳಾ?

ಮಾವ: ಕಣ್ಣು ಸರಿಯಾಗೇ ಹೇಳ್ತೈತೆ. ಸುಳ್ಳು ಹೇಳ್ತಿರೋದು ಸರಾಸರಿ. ಸೆಕೆಂಡಿಗೆ 70 ಅಂದ್ರೆ ಪ್ರತಿ ಫ್ರೇಮೂ 14 ಮಿಲಿಸೆಕೆಂಡಿಗೆ ಸರಿಯಾಗಿ ಬಂತು ಅಂತ ಅರ್ಥ ಅಲ್ಲ. ಒಂದು 11ಕ್ಕೆ ಬರ್ತೈತೆ, ಒಂದು 17ಕ್ಕೆ, ಯಾವಾಗ್ಲೋ ಒಂದು 19ಕ್ಕೆ. ಆಟದೊಳಗೆ ಜನ ಜಾಸ್ತಿ ಇರೋ ಬೀದಿಗೆ ಬಂದ್ರೆ ಪ್ರೊಸೆಸರಿಗೆ ಕೆಲಸ ಜಾಸ್ತಿ, ಖಾಲಿ ಗೋಡೆ ನೋಡಿದ್ರೆ ಕಮ್ಮಿ. ಈ ಏರುಪೇರು ಹಳೇ ಕಾರ್ಡಿದ್ದಾಗಲೂ ಇತ್ತು. ಆದ್ರೆ ಆಗ ಕಾರ್ಡಿಗೆ 20 ಹಿಡೀತಿತ್ತಲ್ಲ, ಪ್ರೊಸೆಸರ್ 11ಕ್ಕೆ ಮುಗಿಸಿದ್ರೂ 19ಕ್ಕೆ ಮುಗಿಸಿದ್ರೂ ನಿನ್ನ ಪರದೆಗೆ ಬರೋದು 20ಕ್ಕೇ. ನಿಧಾನ ಆದ್ರೂ ಒಂದೇ ತಾಳ. ಹೊಸ ಕಾರ್ಡು ಬಂದ ಮೇಲೆ ಆ ಮರೆ ಹೋಯ್ತು, ಪ್ರೊಸೆಸರಿನ ಏರುಪೇರು ನೇರ ಪರದೆ ಮೇಲೆ ಬಂತು. ಸೆಕೆಂಡಿಗೆ ಎಷ್ಟು ಫ್ರೇಮ್ ಅಂತ ಎಣಿಸೋದನ್ನ ಬಿಟ್ಟು ಒಂದೊಂದು ಫ್ರೇಮಿಗೆ ಎಷ್ಟು ಹೊತ್ತು ಹಿಡೀತು ಅಂತ ಅಳೀಬೇಕು ಅಂತ ಅಮೆರಿಕದ ಸ್ಕಾಟ್ ವಾಸನ್ ಅನ್ನೋ ಹಾರ್ಡ್‌ವೇರ್ ಬರಹಗಾರ 2011ರಲ್ಲೇ ಹಿಡಿದು ತೋರಿಸಿದ. ಆಮೇಲೆ ನೀವು ಹುಡುಗ್ರು ಹೇಳೋ 'ಒನ್ ಪರ್ಸೆಂಟ್ ಲೋ', ಅಂದ್ರೆ ತೀರಾ ನಿಧಾನದ ಶೇಕಡಾ ಒಂದು ಫ್ರೇಮುಗಳ ಲೆಕ್ಕ, ರಿವ್ಯೂಗಳಲ್ಲಿ ಮಾಮೂಲಾಯ್ತು. ಹಳೇದರಲ್ಲಿ ನಿನಗೆ ಸರಾಸರಿ 50, ಕೆಟ್ಟ ಘಳಿಗೆಯಲ್ಲೂ ಹತ್ತಿರ ಹತ್ತಿರ 50. ಈಗ ಸರಾಸರಿ 70, ಕೆಟ್ಟ ಘಳಿಗೆಯಲ್ಲಿ 52. ಕಣ್ಣಿಗೆ ಚುಚ್ಚೋದು ಆ ವ್ಯತ್ಯಾಸ.

ಇದು ಬರೀ ವಾದಕ್ಕೆ ಕಟ್ಟಿದ ಮಾತಲ್ಲ. ಅಪ್‌ಗ್ರೇಡ್ ಅಂದರೆ ಹಳೇ ಯಂತ್ರಕ್ಕೆ ಒಂದಿಷ್ಟು ಬಲ ಕೂಡಿಸುವುದು ಎಂದು ನಾವೆಲ್ಲ ಭಾವಿಸುತ್ತೇವೆ. ನಿಜದಲ್ಲಿ ಆಗುವುದು ಬೇರೆ: ತಡೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜರುಗುತ್ತದೆ, ಜರುಗಿದ ಜಾಗದಲ್ಲಿ ಅಲ್ಲಿಯವರೆಗೆ ಅಡಗಿದ್ದ ದೋಷ ಹೊರಗೆ ಬರುತ್ತದೆ. ಇದನ್ನು ಒಪ್ಪಿದರೆ ರಿಪೇರಿಯ ಮೊದಲ ಪ್ರಶ್ನೆ "ಏನು ಬದಲಾಯಿಸಲಿ?" ಆಗುವುದಿಲ್ಲ, "ತಡೆ ಈಗ ಎಲ್ಲಿದೆ?" ಆಗುತ್ತದೆ. ಅಳಿಯನಿಗೆ ಇದರಲ್ಲೇ ಒಂದು ಮೋಸದ ವಾಸನೆ ಬಡಿಯುತ್ತದೆ, ಅದೂ ಸಕಾರಣವಾಗಿ.

ಅಳಿಯ: ಕೊನೆಗೆ ನೀವೂ ಅಂಗಡಿಯವರ ಮಾತಿಗೇ ಬಂದ್ರಿ. ಪ್ರೊಸೆಸರ್ ನಿಧಾನ, ಹೊಸದು ತಗೋ. ಹೊಸ ಪ್ರೊಸೆಸರ್ ಹಳೇ ಬೋರ್ಡಿಗೆ ಕೂರಲ್ಲ, ಬೋರ್ಡು ತಗೋ. ಹೊಸ ಬೋರ್ಡಿಗೆ ಹಳೇ ಡಿಡಿಆರ್4 ರ್ಯಾಮ್ ಆಗಲ್ಲ, ಡಿಡಿಆರ್5 ತಗೋ. ಅಷ್ಟೊತ್ತಿಗೆ ಕರೆಂಟ್ ಕೊಡೋ ಎಸ್‌ಎಂಪಿಎಸ್ ಸಾಲಲ್ಲ. ಒಂದು ಕಾರ್ಡು ತಂದೋನು ಇಡೀ ಪಿಸಿ ತಂದಂಗಾಯ್ತು. ತಡೆ ಜರುಗುತ್ತೆ ಜರುಗುತ್ತೆ ಅಂತ ಅದರ ಹಿಂದೆ ಹೋದ್ರೆ ದುಡ್ಡು ಜರುಗುತ್ತೆ ಅಷ್ಟೇ.

ಮಾವ: ಹೊಸದು ತಗೋ ಅಂತ ನಾನೆಲ್ಲಿ ಅಂದೆ? ಇರೋದು ಪೂರ್ತಿ ಕೆಲಸ ಮಾಡ್ತೈತಾ ಅಂತ ಮೊದ್ಲು ನೋಡು ಅಂತೀನಿ. ಟಾಸ್ಕ್ ಮ್ಯಾನೇಜರ್ ತೆಗೆದು ಮೆಮೊರಿ ಮೇಲೆ ಒತ್ತು, ಸ್ಪೀಡ್ ಎಷ್ಟು ಬರೆದೈತೆ? 2133. ನೀನು ತಂದ ರ್ಯಾಮಿನ ಮೇಲೆ 3200 ಅಂತ ಅಚ್ಚು ಹಾಕವ್ರೆ. ಬಯಾಸಲ್ಲಿ ಎಕ್ಸ್‌ಎಂಪಿ ಅನ್ನೋ ಸೆಟ್ಟಿಂಗ್ ಆನ್ ಮಾಡದಿದ್ರೆ ರ್ಯಾಮು ಹುಟ್ಟಿದ ವೇಗಕ್ಕೇ ಓಡ್ತೈತೆ, ಬರೆದ ವೇಗಕ್ಕಲ್ಲ. ಹಳೇ ಕಡ್ಡಿ, ಹೊಸ ಕಡ್ಡಿ ಬೆರೆಸಿದ್ರೆ ಎರಡೂ ನಿಧಾನದ್ದರ ವೇಗಕ್ಕೆ ಇಳೀತವೆ. ಇನ್ನೊಂದು, ಎರಡು ಕಡ್ಡೀನೂ ಅಕ್ಕಪಕ್ಕ ಸಿಕ್ಕಿಸಿದ್ದೀಯ. ನಾಲ್ಕು ಸ್ಲಾಟಿನ ಬೋರ್ಡಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇದು, ನಾಲ್ಕನೇದಕ್ಕೆ ಹಾಕಬೇಕು. ಅಕ್ಕಪಕ್ಕ ಹಾಕಿದ್ರೆ ಎರಡೂ ಒಂದೇ ಚಾನೆಲ್ಲಿಗೆ ಬಿದ್ದು, ಪ್ರೊಸೆಸರಿಗೂ ರ್ಯಾಮಿಗೂ ನಡುವೆ ಅರ್ಧ ದಾರಿ ಮುಚ್ಚಿದಂಗೆ. ಪ್ರೊಸೆಸರ್ ಫ್ರೇಮಿಗೆ 14 ತಗೊಳ್ಳೋದ್ರಲ್ಲಿ ಒಂದಿಷ್ಟು ಬರೀ ರ್ಯಾಮಿಗೆ ಕಾಯೋ ಹೊತ್ತು. ಇದಕ್ಕೆ ದುಡ್ಡೇನೂ ಬೇಡ, ಸ್ಕ್ರೂಡ್ರೈವರೂ ಬೇಡ. ಹಂಗೇ ಕಾರ್ಡು ಯಾವ ಸ್ಲಾಟಲ್ಲೈತೆ ನೋಡು. ಕೆಳಗಿನ ಉದ್ದ ಸ್ಲಾಟು ನೋಡೋಕೆ ಮೇಲಿನದರಂಗೇ ಇದ್ರೂ ಬಹಳ ಬೋರ್ಡಲ್ಲಿ ಅದಕ್ಕೆ ದತ್ತಾಂಶ ಓಡಾಡೋ ದಾರಿ, ಅಂದ್ರೆ ಲೇನು, ನಾಲ್ಕೇ. 2022ರ ಜನವರಿಯಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿಗಂತೂ ಕಂಪನಿಯೇ ನಾಲ್ಕು ಲೇನು ಕೊಟ್ಟಿತ್ತು. ಸ್ಲಾಟು ಪಿಸಿಐಇ 4.0 ತಲೆಮಾರಿನದಾದ ಬೋರ್ಡಲ್ಲಿ ಹೆಂಗೋ ನಡೀತಿತ್ತು, ಹಳೇ 3.0 ಬೋರ್ಡಿಗೆ ಹಾಕಿದೋರಿಗೆ ಲೇನಿನ ವೇಗ ಅರ್ಧ ಆಗಿ ಫ್ರೇಮು ಎದ್ದು ಕಾಣೋ ಹಂಗೆ ಬಿತ್ತು. ಕಡಿಮೆ ದುಡ್ಡಿನ ಕಾರ್ಡು ಕೊಳ್ಳೋನ ಹತ್ರ ಇರೋದೇ ಹಳೇ ಬೋರ್ಡು ಅನ್ನೋದು ಯೋಚನೆ ಮಾಡು. ಇನ್ನು ಮಾನಿಟರ್ ಕೇಬಲ್ಲನ್ನ ಕಾರ್ಡಿಗೆ ಹಾಕದೆ ಬೋರ್ಡಿಗೆ ಸಿಕ್ಕಿಸಿ ಕಾರ್ಡು ದಂಡ ಅಂತ ಬರೋರು, 144 ಹರ್ಟ್ಸ್ ಮಾನಿಟರ್ ತಂದು ವಿಂಡೋಸಲ್ಲಿ 60ರಲ್ಲೇ ಬಿಟ್ಟಿರೋರು, ಅವರ ಕತೆ ಬಿಡು.

ಅಳಿಯ: ಕೇಬಲ್ ನಾನು ಸರಿಯಾಗೇ ಹಾಕಿದೀನಿ. ರ್ಯಾಮ್ ವಿಷಯ ಒಪ್ತೀನಿ, ನೋಡಿರಲಿಲ್ಲ. ಆದ್ರೂ ಪ್ರೊಸೆಸರೇ ತಡೆ ಅಂದ್ರೆ ಜಾಸ್ತಿ ಕೋರ್ ಇರೋದು ಹಾಕಿದ್ರೆ ಮುಗೀತಲ್ಲ. ಇದೇ ಬೋರ್ಡಿಗೆ ಹನ್ನೆರಡು ಕೋರಿನದು ಸೆಕೆಂಡ್‌ಹ್ಯಾಂಡ್ ಸಿಗುತ್ತೆ. ನನ್ನದು ಆರು.

ಮಾವ: ಆರು ಕೋರು ಅಂದ್ಯಲ್ಲ, ಇಂಟೆಲ್‌ನೋರ ಮೊದಲ ಆರು ಕೋರಿನ ಚಿಪ್ಪು ಡನಿಂಗ್ಟನ್ ವಿನ್ಯಾಸ ಆಗಿದ್ದು ಬೆಂಗಳೂರಲ್ಲಿ, 2008ರಲ್ಲಿ ಹೊರಬಂತು. ಅದು ಸರ್ವರಿಗೆ. ಸಾವಿರ ಜನ ಸಾವಿರ ಬೇರೆ ಬೇರೆ ಕೆಲಸ ಕೇಳೋ ಕಡೆ ಕೋರು ಜಾಸ್ತಿ ಆದಷ್ಟೂ ಲಾಭ. ಆಟದ ಕೆಲಸ ಹಂಗಲ್ಲ, ಗುಂಡು ತಗುಲಿದ ಮೇಲೇ ಬೀಳೋದು, ಬಿದ್ದ ಮೇಲೇ ನೆರಳು. ಒಂದರ ಹಿಂದೆ ಒಂದು ಆಗಬೇಕಾದ್ದು ಎಷ್ಟೈತೋ ಅಷ್ಟನ್ನ ಎಷ್ಟು ಕೋರಿಗೆ ಹಂಚಿದ್ರೂ ಹೊತ್ತು ಉಳಿಯಲ್ಲ ಅಂತ ಜೀನ್ ಆಮ್ಡಾಲ್ 1967ರಲ್ಲೇ ಲೆಕ್ಕ ಕೊಟ್ಟವ್ನೆ. ಅರ್ಧ ಕೆಲಸ ಹಂಚೋಕೆ ಬರದೇ ಇದ್ರೆ ಕೋರು ನೂರು ಹಾಕಿದ್ರೂ ವೇಗ ಎರಡು ಪಟ್ಟು ದಾಟಲ್ಲ. ನಿನಗೆ ಬೇಕಿರೋದು ಒಂದೊಂದು ಕೋರೂ ಜೋರಾಗಿ ಓಡೋದು, ಕೋರಿನ ಲೆಕ್ಕ ಅಲ್ಲ.

ಅಳಿಯ: ಸರಿ, ನನ್ನ ಸರದಿ. ನೀವು ಹೇಳಿದ್ದೆಲ್ಲದರಲ್ಲೂ ತಪ್ಪು ಕೊಂಡೋನದೇ ಆಗುತ್ತೆ: ರ್ಯಾಮ್ ಸ್ಲಾಟ್ ನೋಡಲಿಲ್ಲ, ಬಯಾಸ್ ನೋಡಲಿಲ್ಲ, ಲೇನ್ ಎಣಿಸಲಿಲ್ಲ. ಮಾಡಿದೋರು ಏನು ಮಾಡಿದ್ರು ಅಂತ ನಾನು ಹೇಳ್ತೀನಿ. 2015ರ ಜೂನಲ್ಲಿ 'ಬ್ಯಾಟ್‌ಮನ್: ಆರ್ಕಂ ನೈಟ್' ಪಿಸಿಗೆ ಬಂತು. ಎಂಥ ದುಬಾರಿ ಮೆಷಿನ್ನಲ್ಲೂ ತಡವರಿಸ್ತಿತ್ತು, ಒಂದೇ ವಾರದಲ್ಲಿ ಕಂಪನಿಯೇ ಮಾರಾಟ ನಿಲ್ಲಿಸ್ತು. ಅದನ್ನ ಕೊಂಡೋನು ರ್ಯಾಮ್ ಸ್ಲಾಟ್ ಬದಲಾಯಿಸಿದ್ರೆ ಸರಿ ಹೋಗ್ತಿತ್ತಾ? 2021ರ ಅಕ್ಟೋಬರಲ್ಲಿ ವಿಂಡೋಸ್ 11 ಬಂದಾಗ ಎಎಂಡಿಯ ರೈಜನ್ ಪ್ರೊಸೆಸರ್‌ಗಳು ವಿಂಡೋಸ್ 10ಕ್ಕಿಂತ ನಿಧಾನ ಆದವು. ಕೆಲವು ಆಟಗಳಲ್ಲಿ ಶೇಕಡಾ 10ರಿಂದ 15 ಅಂತ ಎಎಂಡಿನೇ ಒಪ್ಪಿಕೊಂಡಿತ್ತು. ಅಪ್‌ಡೇಟ್ ಬರೋ ತನಕ ಮನೇಲಿ ಕೂತು ಯಾರೇನು ಅಳೆದ್ರೂ ಪ್ರಯೋಜನ ಇರಲಿಲ್ಲ. 2022ರ ಕೊನೆಗೆ ಇಂಟೆಲ್ ಆರ್ಕ್ ಕಾರ್ಡು ಬಂತು. ಹಳೇ ಡೈರೆಕ್ಟ್‌ಎಕ್ಸ್ 9 ಆಟಗಳಲ್ಲಿ ನೋಡೋಕಾಗ್ತಿರಲಿಲ್ಲ. ಡಿಸೆಂಬರಲ್ಲಿ ಹೊಸ ಡ್ರೈವರ್ ಬಿಟ್ರು, ಅದೇ ಕಾರ್ಡು ಅದೇ ಆಟದಲ್ಲಿ ಎಷ್ಟೋ ವಾಸಿ ಆಯ್ತು. ಅಂದ್ರೆ ಮೊದಲ ಎರಡು ತಿಂಗಳು ಕೊಂಡೋನು ದುಡ್ಡು ಕೊಟ್ಟು ಅವರ ಪ್ರಯೋಗಕ್ಕೆ ಕೂತಂಗೆ.

ಮಾವ: ಆರ್ಕ್ ಮಾತು ನೀನು ತೆಗೆದಿದ್ದು ಒಳ್ಳೇದಾಯ್ತು. ತಗಡು, ಚಿಪ್ಪು, ಫ್ಯಾನು ಏನೂ ಬದಲಾಗದೆ ಬರೀ ಡ್ರೈವರಿನಿಂದ ವೇಗ ಬಂತು ಅಂದ್ರೆ ಏನಾಯ್ತು? ಪಾರ್ಟಿನ ಪೆಟ್ಟಿಗೆ ಮೇಲೆ ಬರೆದಿದ್ದೇ ವೇಗ ಅಲ್ಲ ಅನ್ನೋ ನನ್ನ ಮಾತೇ ಆಯ್ತು. ನೀನು ಹಳೇ ಕಂಪನಿ ಕಾರ್ಡು ತೆಗೆದು ಬೇರೆ ಕಂಪನಿದು ಹಾಕಿದ್ದೀಯ, ಹಳೇ ಡ್ರೈವರ್ ಇನ್ನೂ ಅಲ್ಲೇ ಐತೆ. ಅದನ್ನ ಡಿಡಿಯು ಅನ್ನೋ ಡ್ರೈವರ್ ಅಳಿಸೋ ಪ್ರೋಗ್ರಾಮು ಹಾಕಿ ಪೂರ್ತಿ ತೆಗೆದು ಹೊಸದು ಹಾಕೋದು ಕಂಪನಿ ಕೆಲಸ ಅಲ್ಲವಲ್ಲ. ಇನ್ನೊಂದು ಕೇಳು. ಈಗಿನ ಆಟಗಳು ಕಾರ್ಡಿಗೆ ಕೊಡೋ ಶೇಡರ್ ಅನ್ನೋ ಪುಟ್ಟ ಪ್ರೋಗ್ರಾಮುಗಳನ್ನ ಆ ಕಾರ್ಡಿಗೇ, ಆ ಡ್ರೈವರಿಗೇ ತಕ್ಕಂಗೆ ಕಟ್ಟಿ ಡಿಸ್ಕಲ್ಲಿ ಇಟ್ಕೊಂಡಿರ್ತವೆ. ಕಾರ್ಡು ಬದಲಾದ ದಿನ ಆ ದಾಸ್ತಾನೆಲ್ಲ ರದ್ದು. ಹೊಸ ಬೀದಿಗೆ ಕಾಲಿಟ್ಟಾಗೆಲ್ಲ ಮತ್ತೆ ಕಟ್ತಾ ಹೋಗ್ತೈತೆ, ಅಲ್ಲೆಲ್ಲ ಒಂದು ಜರ್ಕು. ಅದೇ ಬೀದಿಗೆ ಎರಡನೇ ಸಲ ಹೋದಾಗ ಜರ್ಕ್ ಇಲ್ಲ ಅಂದ್ರೆ ಅದು ಶೇಡರಿನದು, ಅದಷ್ಟಕ್ಕೇ ಹೋಗ್ತೈತೆ. ಎರಡನೇ ಸಲವೂ ಅಲ್ಲೇ ಹೊಡೆದ್ರೆ ಬೇರೆ ಏನೋ. ಹೊಸ ಕಾರ್ಡು ಹಾಕಿದ ಮೊದಲ ಗಂಟೆ ನೋಡಿ ತೀರ್ಪು ಕೊಡೋರೇ ಜಾಸ್ತಿ.

ಅಳಿಯ: ಒಂದು ಗಂಟೆಯಲ್ಲ, ತಿಂಗಳುಗಟ್ಟಲೆ ಆಡಿದ್ರೂ ಗೊತ್ತಾಗದ ದೋಷ ಇದ್ರೆ? ಇಂಟೆಲ್‌ನ 13, 14ನೇ ತಲೆಮಾರಿನ ಪ್ರೊಸೆಸರ್ ಹಗರಣ ನಿಮಗೆ ಗೊತ್ತಿರಬೇಕು. ಆಟ ದಿಢೀರಂತ ಮುಚ್ಚಿಕೊಂಡು 'ವಿಡಿಯೊ ಮೆಮೊರಿ ಸಾಲದು' ಅಂತ ತೋರಿಸ್ತಿತ್ತು. ಮೆಮೊರಿ ಸಾಲದು ಅಂದ್ರೆ ಯಾರಾದ್ರೂ ಕಾರ್ಡಿನ ಮೇಲೇ ಅನುಮಾನ ಪಡ್ತಾರೆ. ಎಷ್ಟು ಜನ ಕಾರ್ಡು ವಾಪಸ್ ಕೊಟ್ರೋ. ತಪ್ಪು ಪ್ರೊಸೆಸರಿನದು, ಅಗತ್ಯಕ್ಕಿಂತ ಜಾಸ್ತಿ ವೋಲ್ಟೇಜ್ ಹೋಗಿ ಅದು ಒಳಗೊಳಗೇ ಸವೀತಿತ್ತು. ಪ್ರೊಸೆಸರಿನೊಳಗಿನ ಮೈಕ್ರೋಕೋಡ್ ತಿದ್ದಿ ಬಿಟ್ಟಿದ್ದು 2024ರ ಆಗಸ್ಟಲ್ಲಿ, ವಾರಂಟಿ ಎರಡು ವರ್ಷ ಜಾಸ್ತಿ ಮಾಡಿದ್ರು. 13ನೇ ತಲೆಮಾರು ಬಂದಿದ್ದು 2022ರಲ್ಲಿ. ಅಷ್ಟು ದಿನ ಮೆಷಿನ್ನೇ ಸುಳ್ಳು ದೂರು ಕೊಡ್ತಿತ್ತು. ಮೆಷಿನ್ ಬರೆದು ತೋರಿಸಿದ್ದೇ ತಪ್ಪು ಅಂದ್ಮೇಲೆ ನಾನು ಏನನ್ನ ಅಳೀಲಿ?

ಮಾವ: ಅದು ಗಟ್ಟಿ ಮಾತು. ಅದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಆದ್ರೆ ಆ ತಪ್ಪು ಬಯಲಾದ ಬಗೆ ನೋಡು. ಕೆಲವರು ಬಯಾಸಲ್ಲಿ ಪ್ರೊಸೆಸರಿನ ವೇಗ ಒಂದು ಚೂರು ಇಳಿಸಿದ್ರು. ಬೇರೆ ಏನೂ ಮುಟ್ಟಲಿಲ್ಲ. ಆಟ ಮುಚ್ಚಿಕೊಳ್ಳೋದು ನಿಂತ್ಹೋಯ್ತು. ಕಾರ್ಡು ಅದೇ, ವಿಡಿಯೊ ಮೆಮೊರಿ ಅಷ್ಟೇ, ಹಂಗಾದ್ರೆ ಮೆಮೊರಿ ಸಾಲದು ಅನ್ನೋದು ಸುಳ್ಳು. ಪರದೆ ಮೇಲೆ ಬಂದ ಅಕ್ಷರ ನಂಬೋದಲ್ಲ ಅಳತೆ ಅಂದ್ರೆ. ಒಂದನ್ನ ಬದಲಾಯಿಸು, ಉಳಿದಿದ್ದನ್ನ ಮುಟ್ಟಬೇಡ, ಏನಾಗ್ತೈತೆ ನೋಡು. ನೀನೇನು ಮಾಡ್ದೆ? ಒಂದೇ ಸಂಜೆ ಕಾರ್ಡು, ರ್ಯಾಮು, ಮಾನಿಟರು, ಮೇಲಿಂದ ವಿಂಡೋಸ್ ಅಪ್‌ಡೇಟು. ಈಗ ಯಾವುದರಿಂದ ಕೆಡ್ತು ಅಂತ ಬ್ರಹ್ಮ ಬಂದ್ರೂ ಹೇಳೋಕಾಗಲ್ಲ.

ಅಳಿಯ: ಒಂದೊಂದಾಗಿ ಬದಲಾಯಿಸೋಕೆ ಇನ್ನೊಂದು ಪಾರ್ಟು ಕೈಯಲ್ಲಿರಬೇಕಲ್ಲ ಮಾವ! ಎಸ್.ಪಿ. ರಸ್ತೆ ಅಂಗಡಿಯಲ್ಲಿ ನಾಲ್ಕು ಕಾರ್ಡು, ಆರು ಎಸ್‌ಎಂಪಿಎಸ್ಸು ಬಿದ್ದಿರ್ತವೆ. ಒಂದು ತೆಗೆದು ಇನ್ನೊಂದು ಹಾಕಿ ಹತ್ತು ನಿಮಿಷಕ್ಕೆ ಹೇಳ್ತಾರೆ. ಇಲ್ಲಿ ಇರೋದು ಒಂದೇ ಮೆಷಿನ್ನು. ಬೆಂಗಳೂರಿಗೆ ಇನ್ನೂರು ಕಿಲೋಮೀಟರ್ ಮೇಲೆ. ನಿಮ್ಮ ಪದ್ಧತಿ ಪಾರ್ಟು ಇದ್ದೋರ ಪದ್ಧತಿ.

ಮಾವ: ಪಾರ್ಟು ಇಲ್ಲದೆ ಮಾಡೋ ಪರೀಕ್ಷೆನೂ ಅವೆ. ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸು. ಕಾರ್ಡಿಗೆ ಅರ್ಧಕ್ಕಿಂತ ಹೆಚ್ಚು ಕೆಲಸ ಕಮ್ಮಿ ಆಯ್ತು, ಪ್ರೊಸೆಸರಿಗೆ ಅಷ್ಟೇ ಇರ್ತೈತೆ. ಫ್ರೇಮು ಏರಿದ್ರೆ ತಡೆ ಕಾರ್ಡಲ್ಲಿತ್ತು, ಏರದಿದ್ರೆ ಪ್ರೊಸೆಸರ್ ಕಡೆ. ಒಂದು ಪೈಸೆ ಖರ್ಚಿಲ್ಲ. ಇಂಥ ಪರೀಕ್ಷೆಗೆ ನಮ್ಮ ಕಾವಲನ್ನೇ ನೋಡು. ಅಮೃತಮಹಲ್ ದನ ಮೇಯ್ತಿದ್ದ ಹುಲ್ಲುಗಾವಲು ಅದು. ಅಲ್ಲಿ ಇಸ್ರೋದೋರು ಚಂದ್ರನ ಮೇಲಿನಂಥ ಕುಳಿಗಳನ್ನ ತೋಡಿ, ಚಂದ್ರಯಾನ-2ರ ಲ್ಯಾಂಡರಿನ ಸೆನ್ಸರುಗಳನ್ನ ವಿಮಾನದಲ್ಲಿ ಹೊತ್ಕೊಂಡು ಮೇಲೆ ಹಾರಿಸಿ ನೋಡಿದ್ರು. ಇಡೀ ಲ್ಯಾಂಡರ್ ಇಳಿಸಲಿಲ್ಲ. ಸೆನ್ಸರ್ ಕುಳಿ ಗುರುತಿಸ್ತೈತಾ ಇಲ್ವಾ, ಅದೊಂದನ್ನೇ ಬೇರೆ ಮಾಡಿ ಕೇಳಿದ್ರು. ಚಂದ್ರನ ಹತ್ರ ಹೋಗದೆ ಮಾಡೋ ಪರೀಕ್ಷೆ ಅದು. ಆಮೇಲೆ 2019ರ ಸೆಪ್ಟೆಂಬರಲ್ಲಿ ಲ್ಯಾಂಡರ್ ಬಿತ್ತಲ್ಲ, ಆಗ ಬರೀ ದೊಡ್ಡ ಎಂಜಿನ್ ಹಾಕೋಣ ಅಂದ್ರಾ? ಎಂಜಿನ್‌ಗಳು ಎಣಿಸಿದ್ದಕ್ಕಿಂತ ಜಾಸ್ತಿ ತಳ್ಳಿದ್ದೇ ಕಷ್ಟ ಶುರುವಾಗೋಕೆ ಕಾರಣ ಅಂತ ಅಧ್ಯಕ್ಷರಾಗಿದ್ದ ಸೋಮನಾಥ್ 2023ರಲ್ಲಿ ಹೇಳಿದ್ರು. ಬಲ ಜಾಸ್ತಿ ಆಯ್ತು, ಅದನ್ನ ಹಿಡಿಯೋ ತಂತ್ರಾಂಶಕ್ಕೆ ಅಷ್ಟು ಬೇಗ ತಿರುಗಿಸೋಕೆ ಬರಲಿಲ್ಲ. ಚಂದ್ರಯಾನ-3ರಲ್ಲಿ ಐದನೇ ಎಂಜಿನ್ನನ್ನೇ ತೆಗೆದ್ರು, ತಂತ್ರಾಂಶ ತಿದ್ದಿದ್ರು, ಕಾಲು ಗಟ್ಟಿ ಮಾಡಿದ್ರು, ಇಳಿಯೋ ಜಾಗನ ಅರ್ಧ ಕಿಲೋಮೀಟರ್ ಚೌಕದಿಂದ ನಾಲ್ಕು ಕಿಲೋಮೀಟರ್ ಉದ್ದಕ್ಕೆ ಹಿಗ್ಗಿಸಿದ್ರು.

ಅಳಿಯ: ಇದೇ ಉದಾಹರಣೆ ನನ್ನ ಕಡೆಗೂ ಬರುತ್ತೆ. ಇಸ್ರೋದೋರು ಎಂಜಿನ್ನೂ ತಾವೇ ಮಾಡಿದ್ರು, ತಂತ್ರಾಂಶನೂ ತಾವೇ ಬರೆದ್ರು. ಸಂಪರ್ಕ ಕಡಿಯೋ ತನಕದ ದತ್ತಾಂಶ ಅವರ ಕೈಗೆ ಬಂತು. ಕೆಟ್ಟಾಗ ಒಳಗೆ ಕೈ ಹಾಕೋ ಅಧಿಕಾರ ಇತ್ತು. ನನ್ನ ಆಟದ ಒಳಗೆ ನಾನು ಕೈ ಹಾಕೋಕಾಗುತ್ತಾ? ಡ್ರೈವರ್ ತೆಗೆದು ನೋಡೋಕಾಗುತ್ತಾ? ಆರ್ಕಂ ನೈಟ್‌ನ ದೋಷವನ್ನ ನಾನು ಎಷ್ಟು ಚೆನ್ನಾಗಿ ಅಳೆದ್ರೂ ಅದು ಅಳತೆ ಆಗಿಯೇ ಉಳಿಯುತ್ತೆ, ರಿಪೇರಿ ಆಗಲ್ಲ. ನಿಮ್ಮ 720ರ ಪರೀಕ್ಷೆ ಪ್ರೊಸೆಸರ್ ಕಡೆ ಅಂತ ತೋರಿಸುತ್ತೆ, ಸರಿ. ಪ್ರೊಸೆಸರ್ ಹಳೇದು ಅಂತಲೋ, ಆಟ ಬರೆದೋರು ಎಲ್ಲಾ ಕೆಲಸ ಒಂದೇ ಕೋರಿನ ಮೇಲೆ ಹೇರಿದಾರೆ ಅಂತಲೋ? ಆ ಪರೀಕ್ಷೆಗೆ ಅದು ಗೊತ್ತಾಗಲ್ಲ.

ಮಾವ: ಗೊತ್ತಾಗಲ್ಲ, ನಿಜ. ಬೇರೆ ನಾಲ್ಕು ಆಟದಲ್ಲಿ ಅದೇ ಪರೀಕ್ಷೆ ಮಾಡಿದ್ರೆ ಒಂದು ಅಂದಾಜು ಸಿಗ್ತೈತೆ. ನಾಲ್ಕೂ ನೆಟ್ಟಗೆ ಓಡಿ ಇದೊಂದೇ ತಡವರಿಸಿದ್ರೆ ಬೈಗುಳ ಕಂಪನಿಗೆ. ನಾಲ್ಕೂ ತಡವರಿಸಿದ್ರೆ ನಿನ್ನ ಮೆಷಿನ್ನಿಗೆ. ಇನ್ನೊಂದು ಬಾಕಿ ಉಳೀತು, ಅದು ಯಾವ ಕಂಪನಿದೂ ಅಲ್ಲ, ನಮ್ಮೂರದು. ರಿವ್ಯೂ ಮಾಡೋರ ರೂಮು 22, 23 ಡಿಗ್ರಿ. ಇಲ್ಲಿ ಈ ಹೊತ್ತಲ್ಲಿ ಫ್ಯಾನ್ ಕೆಳಗೆ 38. ಕೂಲರು ಇಷ್ಟೇ ಡಿಗ್ರಿಗೆ ತಣ್ಣಗಿಡ್ತೀನಿ ಅಂತ ಮಾತು ಕೊಡಲ್ಲ. ರೂಮಿನ ಬಿಸಿಗಿಂತ ಇಷ್ಟು ಮೇಲೆ ಇಡ್ತೀನಿ ಅನ್ನೋದಷ್ಟೇ ಅದರ ಕೈಲಾಗೋದು. 60 ಮೇಲೆ ಅಂದ್ರೆ ಅವರಿಗೆ 82, ನಿನಗೆ 98. ಹಳೇ ಕಾರ್ಡಿನ ಜಾಗಕ್ಕೆ ಅದಕ್ಕಿಂತ ನೂರು ವಾಟ್ ಜಾಸ್ತಿ ಬಿಸಿ ಉಗುಳೋದು ಬಂದೈತೆ, ಕ್ಯಾಬಿನೆಟ್ ಅದೇ, ಜಾಲರಿಯಲ್ಲಿ ನಮ್ಮ ಬಯಲಿನ ಕೆಂಪು ದೂಳು ಮೆತ್ತಿಕೊಂಡೈತೆ. ಕಾರ್ಡಿನ ಬಿಸಿಗಾಳಿ ಪ್ರೊಸೆಸರಿನ ಫ್ಯಾನಿಗೆ. ಅದು ಮಿತಿ ಮುಟ್ಟಿ ತನ್ನ ವೇಗ ತಾನೇ ಇಳಿಸ್ಕೊಳ್ತೈತೆ. ಗುರುತು ಹಿಡಿಯೋದು ಸುಲಭ. ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಇಳಿದ್ರೆ ಬಿಸಿ, ಶುರುವಿನಿಂದಲೇ ನಿಧಾನ ಅಂದ್ರೆ ಬಿಸಿ ಅಲ್ಲ. ಪಕ್ಕದ ತಗಡು ಹಿಂಗೇ ತೆಗೆದಿಟ್ಟು ಆಡಿ ನೋಡು. ಹಾಂ, ಆ 600 ವಿಎ ಯುಪಿಎಸ್ಸಿಂದ ಇದನ್ನ ಬಿಡಿಸು. ಅದರ ಶಕ್ತಿ ಸುಮಾರು 360 ವಾಟ್. ಕಾರ್ಡು ಒಂದು ಸಲ ಜೋರಾಗಿ ಎಳೆದ್ರೆ ಅದು ಕೀ ಅಂದು ಎಲ್ಲಾ ಆರಿಸ್ತೈತೆ, ನೀನು ಮತ್ತೆ ಆಟವನ್ನ ಬೈತೀಯ.

ಅಳಿಯ: ಶುರುವಿನಿಂದಲೇ ನಿಧಾನ, ಬಿಸಿ ಅಲ್ಲ. ಹಾಗಾದ್ರೆ ನಿಮ್ಮ ಪ್ರಕಾರ ಈಗಿರೋ ಮೆಷಿನ್ನಲ್ಲೇ ಜರ್ಕ್ ಹೋಗಬೇಕು ಅಂದ್ರೆ?

ಮಾವ: ರ್ಯಾಮ್ ಸರಿ ಮಾಡಿದ ಮೇಲೂ ಉಳಿದ್ರೆ, ಕಾರ್ಡಿಗೆ ಕೆಲಸ ಕೊಡು. ಸುಮ್ಮನೆ ಕೂತೈತಲ್ಲ. ನೆರಳು, ಟೆಕ್ಸ್ಚರು, ಬೆಳಕು ಎಲ್ಲಾ ಅಲ್ಟ್ರಾಗೆ ಏರಿಸು, ಫ್ರೇಮಿಗೆ 8 ತಗೊಳ್ಳೋದು 16, 17 ತಗೊಳ್ಳಲಿ. ಹಳೇ ಕಾರ್ಡು ಕೊಡ್ತಿದ್ದ ಮರೆ ಮತ್ತೆ ಸಿಕ್ತು, ಚಿತ್ರ ಮಾತ್ರ ಮೊದಲಿಗಿಂತ ಚಂದ. ಇಲ್ಲಾಂದ್ರೆ 60ಕ್ಕೆ ಲಾಕ್ ಮಾಡು.

ಅಳಿಯ: 144 ಹರ್ಟ್ಸ್ ಮಾನಿಟರ್ ತಂದು 60ಕ್ಕೆ ಲಾಕಾ! ಅದೂ ನಿಮ್ಮ 19 ಮಿಲಿಸೆಕೆಂಡಿನ ಫ್ರೇಮು 60ರ ಲಾಕಿಗೂ ಸಿಕ್ಕಲ್ಲ, 60ಕ್ಕೆ ಇರೋದೇ 16.7. ಕತೆಯ ಆಟ ಆದ್ರೆ ನೀವು ಹೇಳಿದಂಗೆ ಚಂದ ಏರಿಸಿ ಆಡಬಹುದು. ಕೌಂಟರ್-ಸ್ಟ್ರೈಕ್ ಆಡೋವಾಗ ನೆರಳು ಚಂದ ಕಂಡು ಏನು ಮಾಡ್ಲಿ? ಕಾರ್ಡಿಗೆ ಭಾರ ಹೇರಿದ್ರೆ ಮೌಸ್ ಒತ್ತಿದ್ದಕ್ಕೂ ಗುಂಡು ಹಾರೋದಕ್ಕೂ ನಡುವಿನ ತಡ ಜಾಸ್ತಿ ಆಗುತ್ತೆ. ಅಲ್ಲಿ ನನಗೆ ಬೇಕಿರೋದು ಕಡಿಮೆ ಹೊತ್ತು. ನುಣುಪು ಆಮೇಲೆ. ನೀವು ಕೊಡ್ತಿರೋದು ಜರ್ಕನ್ನ ಮುಚ್ಚೋ ಉಪಾಯ, ಕಳೆಯೋದಲ್ಲ.

ಮಾವ: ಮುಚ್ಚೋ ಉಪಾಯವೇ, ಒಪ್ಪಿದೆ. ಅಂಥ ಆಟಕ್ಕೆ ಅದು ಸರಿಹೋಗಲ್ಲ ಅನ್ನೋದನ್ನೂ ಒಪ್ತೀನಿ. ಆದ್ರೆ ಮುಚ್ಚಿದ್ದು ಸಾಕು ಅನ್ನೋರಿಗೆ ದುಡ್ಡು ಉಳೀತು.

ಅಳಿಯ: ಇವತ್ತು ರ್ಯಾಮ್ ಎರಡನೇದು, ನಾಲ್ಕನೇದಕ್ಕೆ ಹಾಕಿ ಎಕ್ಸ್‌ಎಂಪಿ ಆನ್ ಮಾಡ್ತೀನಿ.

ಮಾವ: ಎರಡನ್ನೂ ಒಟ್ಟಿಗೆ ಮಾಡಬೇಡ. ಸ್ಲಾಟು ಬದಲಾಯಿಸಿ ಅಳಿ, ಆಮೇಲೆ ಎಕ್ಸ್‌ಎಂಪಿ.

ಅಳಿಯ: ಆಯ್ತು, ಒಂದೊಂದಾಗಿ. ಕಾರ್ಡು ವಾಪಸ್ ತಗೊಳ್ಳೋಕೆ ಅಂಗಡಿಯವರು ಕೊಟ್ಟಿರೋದು ಶನಿವಾರದ ತನಕ. ಅಷ್ಟರಲ್ಲಿ ಕೆಟ್ಟ ಘಳಿಗೆಯ ಫ್ರೇಮು ಏರಲಿಲ್ಲ ಅಂದ್ರೆ ಕಾರ್ಡು ಕೊಟ್ಟುಬಿಡ್ತೀನಿ.

ಮಾವ: ಕೊಟ್ಟು ಏನು ತರ್ತೀಯ?

ಅಳಿಯ: ಪ್ರೊಸೆಸರ್.

ಮಾವ: ಬೋರ್ಡು?